ಅಡಿಯ ಹಾಳೆ ಮೇಲಕ್ಕೆ: ಟ್ರೇನಲ್ಲಿ ಶೀಟ್ ಫಿಲ್ಮ್ ತೊಳೆಯುವ ಬಗ್ಗೆ

(ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ, ಅಂದರೆ ರೋಲಿನ ಬದಲು ಬಿಡಿ ಹಾಳೆ ಫಿಲ್ಮ್ ಹಾಕುವ ಕ್ಯಾಮೆರಾ, ಹೊಸದಾಗಿ ಕೈಗೆತ್ತಿಕೊಂಡವರ ಮುಂದೆ ಆಡಿದ ಮಾತು ಇದು. ಬರೆಯುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಉಳಿಸಿದ್ದೇನೆ.)

ಮೊದಲು ಈ ನೆಗೆಟಿವ್ ಒಂದು ಸುತ್ತು ಹೋಗಿ ಬರಲಿ. ಅಂಚು ಹಿಡಿದು, ಕಿಟಕಿ ಕಡೆ ಎತ್ತಿ ನೋಡಿ. 4×5 ಇಂಚಿನ ಹಾಳೆ. ಮರ ಚೆನ್ನಾಗಿದೆ, ಮೋಡ ಚೆನ್ನಾಗಿದೆ, ಎಕ್ಸ್‌ಪೋಷರ್‌ನಲ್ಲೂ ತಪ್ಪಿಲ್ಲ. ಆದರೆ ಆಕಾಶದ ನಡುವೆ ಹುಬ್ಬಿನ ಹಾಗೆ ಬಾಗಿದ ಒಂದು ತೆಳು ಗೀರು ಇದೆ, ಕಾಣಿಸಿತಾ? ನೆಗೆಟಿವ್‌ನಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಪ್ರಿಂಟ್ ಮಾಡಿದರೆ ಆಕಾಶದಲ್ಲಿ ಒಂದು ಕಪ್ಪು ಕೂದಲು. ಅದು ಇನ್ನೊಂದು ಹಾಳೆಯ ಮೂಲೆ ಬರೆದದ್ದು. ಕತ್ತಲಲ್ಲಿ, ನನ್ನ ಕೈಯಿಂದಲೇ. ಆವತ್ತು ಟ್ರೇನಲ್ಲಿ ಆರು ಹಾಳೆ ಇದ್ದವು, ನನಗೆ ಎರಡು ಹಾಳೆ ನಿಭಾಯಿಸಿದ ಅನುಭವವೂ ಇರಲಿಲ್ಲ.

ಫಿಲ್ಮ್ ಡೆವಲಪ್ ಮಾಡುವುದಕ್ಕೆ ತೊಳೆಯುವುದು ಅಂತ ನಾವು ಹೇಳುತ್ತೇವೆ, ಅಲ್ವಾ? ರೋಲ್ ಫಿಲ್ಮ್ ವಿಷಯದಲ್ಲಿ ಆ ಮಾತು ಅರ್ಧ ಸುಳ್ಳು. ರೀಲಿಗೆ ಸುತ್ತಿ, ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿದರೆ ಆಮೇಲೆ ಲೈಟು ಹಾಕಿಕೊಂಡು ಡಬ್ಬಿ ಮಗುಚುತ್ತಾ ಕೂರಬಹುದು. ಟ್ರೇನಲ್ಲಿ ನಿಜವಾಗಿ ತೊಳೆಯುತ್ತೀರಿ. ಕೈ ಒಳಗೆ ಹೋಗಬೇಕು. ಆ ಕೈಯೇ ಇಲ್ಲಿ ಅಜಿಟೇಶನ್, ಅಂದರೆ ದ್ರಾವಣ ಅಲುಗಾಡಿಸುವುದು, ಬೇರೆ ಏನೂ ಇಲ್ಲ. ಕೈ ಜೋರಾದರೆ ನೆಗೆಟಿವ್ ದಟ್ಟವಾಗುತ್ತದೆ, ಕೈ ಸೋಮಾರಿಯಾದರೆ ಪಟ್ಟೆ ಬೀಳುತ್ತದೆ. ಎಷ್ಟು ನಿಮಿಷ, ಎಷ್ಟು ಡಿಗ್ರಿ ಅನ್ನುವುದು ಫಿಲ್ಮ್ ಮಾಡುವವರ ಪಟ್ಟಿಯಲ್ಲಿ ಸಿಗುತ್ತದೆ; ಎಚ್‌ಪಿ5 ಪ್ಲಸ್ ಅನ್ನುವ ಫಿಲ್ಮ್‌ಗೆ ಐಡಿ-11 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಒಂದು ಪಾಲಿಗೆ ಒಂದು ಪಾಲು ನೀರು, 20 ಡಿಗ್ರಿಯಲ್ಲಿ 13 ನಿಮಿಷ ಅಂತ ಬರೆದಿರುತ್ತಾರೆ. ನಿಮ್ಮ ಕೈ ಯಾವ ವೇಗದಲ್ಲಿ ಓಡುತ್ತದೆ ಅಂತ ಯಾರೂ ಬರೆದಿರುವುದಿಲ್ಲ. ಅದಕ್ಕೇ ಇವತ್ತು ಕೆಮಿಸ್ಟ್ರಿ ಕಡಿಮೆ, ಕೈಯ ಮಾತು ಜಾಸ್ತಿ.

ಕೈಗೆ ಮೊದಲು ಹಾಳೆಯ ಪರಿಚಯ ಆಗಬೇಕು. ಶೀಟ್ ಫಿಲ್ಮ್ ಸಾಮಾನ್ಯವಾಗಿ ಸುಮಾರು 0.18 ಮಿಲಿಮೀಟರ್ ದಪ್ಪದ ಪಾಲಿಯೆಸ್ಟರ್ ಮೇಲೆ ಬರುತ್ತದೆ. 35 ಎಂಎಂ ರೋಲಿಗಿಂತ ಗಟ್ಟಿ, ಅದರ ಹಾಗೆ ಸುರುಳಿ ಸುತ್ತಿಕೊಳ್ಳುವುದಿಲ್ಲ. ಆ ಗಟ್ಟಿತನವೇ ನಮಗೆ ಅನುಕೂಲ, ಅದೇ ಅಪಾಯ ಕೂಡ, ಯಾಕೆಂದರೆ ಮೂಲೆ ಚೂಪಾಗಿರುತ್ತದೆ. ಒಂದು ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ, ನಾಚ್ ಅಂತಾರೆ. ಒಂದೊಂದು ಫಿಲ್ಮ್‌ಗೆ ಒಂದೊಂದು ಆಕಾರದ ಕಚ್ಚು. ಹಾಳೆಯನ್ನು ಉದ್ದಕ್ಕೆ ಹಿಡಿದು ಕಚ್ಚು ಮೇಲೆ ಬಲಗಡೆ ಬಂದರೆ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಜೆಲಾಟಿನ್ ಲೇಪ, ನಿಮ್ಮ ಕಡೆ ಇದೆ ಅಂತ ಅರ್ಥ. ಕತ್ತಲಲ್ಲಿ ನಮಗೆ ಸಿಗುವ ಗುರುತು ಅದೊಂದೇ.

ಹಗಲು ಕಂಡ ಬಾವಿಗೆ ಇರುಳು ಬೀಳುವವರು ನಮ್ಮಲ್ಲಿ ಜಾಸ್ತಿ. ಲೈಟು ಆರಿಸುವ ಮುಂಚೆ ಟ್ರೇಗಳು ಎಲ್ಲೆಲ್ಲಿವೆ ಅಂತ ಚೆನ್ನಾಗಿ ನೋಡಿರುತ್ತೇವೆ, ಆರಿಸಿದ ಮೇಲೆ ಮೊದಲ ಹಾಳೆಯನ್ನೇ ಫಿಕ್ಸರ್‌ಗೆ, ಕೊನೆಯಲ್ಲಿ ಹೋಗಬೇಕಾದ ದ್ರಾವಣಕ್ಕೆ, ಅದ್ದುತ್ತೇವೆ. ನಗಬೇಡಿ, ಇದು ಆಗುತ್ತದೆ. ನಾನು ಎಡದಿಂದ ಬಲಕ್ಕೆ ನೀರು, ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಚಿತ್ರವನ್ನು ಉಳಿಸುವ ಫಿಕ್ಸರ್ ಇಡುತ್ತೇನೆ. ಫಿಕ್ಸರ್ ಟ್ರೇಯನ್ನು ಉಳಿದವುಗಳಿಂದ ಒಂದು ಮೊಳ ದೂರ ಇಡುತ್ತೇನೆ. ಕೈ ಅಲ್ಲಿಗೆ ಹೋಗಬೇಕಾದರೆ ಮೈ ಸ್ವಲ್ಪ ವಾಲಲೇಬೇಕು. ಆ ವಾಲುವಿಕೆಯೇ ಎಚ್ಚರಿಕೆ.

ಕೋಣೆ ಪೂರ್ತಿ ಕತ್ತಲಾಗಬೇಕು. ಇವತ್ತಿನ ಮಾಮೂಲಿ ಫಿಲ್ಮ್‌ಗಳು ಪ್ಯಾಂಕ್ರೋಮ್ಯಾಟಿಕ್, ಎಲ್ಲ ಬಣ್ಣದ ಬೆಳಕೂ ಅವಕ್ಕೆ ಕಾಣುತ್ತದೆ, ಕೆಂಪು ದೀಪ ನಡೆಯುವುದಿಲ್ಲ. ಲೈಟು ಆರಿಸಿ ಹತ್ತು ಹದಿನೈದು ನಿಮಿಷ ಸುಮ್ನೆ ನಿಂತುಕೊಳ್ಳಿ. ಆಗ ಬಾಗಿಲ ಸಂದು, ಸ್ವಿಚ್ಚಿನ ಸಣ್ಣ ದೀಪ, ಎಲ್ಲ ಒಂದೊಂದಾಗಿ ಕಾಣಿಸಲು ಶುರುವಾಗುತ್ತದೆ. ಕೈಗಡಿಯಾರ ಬಿಚ್ಚಿಡಿ. ನನ್ನದು ಕೈ ಎತ್ತಿದರೆ ತಾನೇ ಬೆಳಗುವ ಜಾತಿಯದು. ಟ್ರೇ ಮೇಲೆ ಕೈ ಎತ್ತಿದೆ, ಅದು ತನ್ನ ಕೆಲಸ ಮಾಡಿತು. ನಾಲ್ಕು ಹಾಳೆ ಹೋದವು.

ಸಮಯ ನೋಡುವುದು ಹೇಗೆ ಅಂತ ಕೇಳುತ್ತೀರಿ. ನೋಡಬೇಡಿ, ಕೇಳಿ. ಪ್ರತಿ ಸೆಕೆಂಡಿಗೆ ಟಿಕ್ ಅನ್ನುವ ಮೆಟ್ರೊನೋಮ್ ಸಾಕು. ಇಲ್ಲವೇ ನಿಮ್ಮದೇ ದನಿಯಲ್ಲಿ ‘ಒಂದು ನಿಮಿಷ ಆಯ್ತು, ಎರಡು ನಿಮಿಷ ಆಯ್ತು’ ಅಂತ ರೆಕಾರ್ಡ್ ಮಾಡಿಕೊಂಡು, ಅದನ್ನು ಕೋಣೆಯ ಹೊರಗಿನಿಂದ ಜೋರಾಗಿ ಹಾಕಿ. ಕತ್ತಲಲ್ಲಿ ಸಮಯ ತುಂಬ ನಿಧಾನ ಅನ್ನಿಸುತ್ತದೆ, ಮನಸ್ಸಿನ ಲೆಕ್ಕ ನಂಬಬೇಡಿ.

ಈಗ ನೀರು. ಟ್ರೇನಲ್ಲಿ ಒಂದಕ್ಕಿಂತ ಹೆಚ್ಚು ಹಾಳೆ ಹಾಕುವುದಾದರೆ ಮೊದಲು ನೀರಲ್ಲಿ ನೆನೆಸಲೇಬೇಕು ಅನ್ನುವುದು ನನ್ನ ಮಾತು. ಡಬ್ಬಿಯಲ್ಲಿ ತೊಳೆಯುವವರಿಗೆ ಇಲ್ಫರ್ಡ್ ಕಂಪನಿಯೇ ಮೊದಲೇ ನೆನೆಸಬೇಡಿ ಅನ್ನುತ್ತದೆ, ಅದೂ ಸರಿಯೇ. ಆದರೆ ಟ್ರೇ ಕಥೆ ಬೇರೆ. ಒಣಗಿದ ಎರಡು ಹಾಳೆ ಒಟ್ಟಿಗೆ ಒದ್ದೆಯಾದರೆ ಜೆಲಾಟಿನ್ ಅಂಟಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದು ಡೆವಲಪರ್ ಒಳಗೆ ಆದರೆ ಕಥೆ ಮುಗಿಯಿತು, ಅಂಟಿದ ಜಾಗಕ್ಕೆ ಡೆವಲಪರ್ ಹೋಗುವುದಿಲ್ಲ. ನೀರಲ್ಲಾದರೆ ಕಾಯಬಹುದು. ಹಾಗಾಗಿ ಒಂದೊಂದೇ ಹಾಳೆಯನ್ನು ನೀರಿಗೆ ಇಳಿಸಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಪೂರ್ತಿ ಮುಳುಗಿಸಿ, ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು ಮುಂದಿನದು. ಎಲ್ಲ ಒಳಗೆ ಹೋದ ಮೇಲೆ ಎರಡು ಮೂರು ನಿಮಿಷ ಅಡಿಯದನ್ನು ಮೇಲಕ್ಕೆ ತರುತ್ತಿರಿ. ಆಗಲೂ ಎರಡು ಅಂಟಿದ್ದು ಗೊತ್ತಾದರೆ ಎಳೆಯಬೇಡಿ. ನೀರಲ್ಲೇ ಬಿಡಿ, ನೀರು ಸಂದಿಗೆ ನುಗ್ಗಿ ತಾನೇ ಬಿಡಿಸುತ್ತದೆ.

ಆಮೇಲೆ ಲೈಟು ಹಾಕಿದಾಗ ಈ ನೀರು ಹಸಿರೋ ನೀಲಿಯೋ ಗುಲಾಬಿಯೋ ಆಗಿದ್ದರೆ ಹೆದರಬೇಡಿ. ಫಿಲ್ಮಿನ ಒಳಗಿನ ಬಣ್ಣ ಬಿಟ್ಟಿರುತ್ತದೆ, ಅಷ್ಟೇ.

ಈಗ ಅಸಲು ಕೆಲಸ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗುತ್ತೇನೆ, ಹಾಳಾದ ಹಳೇ ಹಾಳೆಗಳನ್ನು ಮುಂದೆ ಇಟ್ಟಿದ್ದೇನೆ, ನೋಡಿ. 4×5ಕ್ಕೆ ನಾನು ಬಳಸುವುದು 8×10ರ ಟ್ರೇ, ಅಡಿ ನುಣ್ಣಗಿರುವುದು. ಪೇಪರ್ ಪ್ರಿಂಟಿಗೆಂದು ಮಾಡಿದ ಟ್ರೇಗಳಲ್ಲಿ ಅಡಿಗೆ ಉಬ್ಬು ಗೆರೆಗಳಿರುತ್ತವೆ, ಅವು ಫಿಲ್ಮ್‌ಗೆ ಆಗಿಬರುವುದಿಲ್ಲ. ಒಂದು ಲೀಟರ್ ಡೆವಲಪರ್. ಲೆಕ್ಕ ಬೇಕಾದವರಿಗೆ: ನಾಲ್ಕು 4×5 ಹಾಳೆ ಅಂದರೆ 80 ಚದರ ಇಂಚು, ಒಂದು 8×10 ಹಾಳೆಯೂ ಅಷ್ಟೇ, 36 ಫ್ರೇಮಿನ ಒಂದು 35 ಎಂಎಂ ರೋಲೂ ಹತ್ತಿರ ಹತ್ತಿರ ಅಷ್ಟೇ. ಆರು ಹಾಳೆ ಅಂದರೆ ಒಂದೂವರೆ ರೋಲು, ಒಂದು ಲೀಟರ್ ಧಾರಾಳ.

ಹಾಳೆಗಳು ಒಂದರ ಮೇಲೊಂದು ಮಲಗಿವೆ, ಎಮಲ್ಷನ್ ಮೇಲಕ್ಕೆ. ಎಡಗೈ ಬೆರಳುಗಳು ಅಟ್ಟಿಯ ಎಡ ಅಂಚಿಗೆ ಸುಮ್ನೆ ತಾಗಿಕೊಂಡಿವೆ, ಅಟ್ಟಿ ಜಾರದ ಹಾಗೆ. ಹಿಡಿಯುವುದಿಲ್ಲ, ಗೋಡೆಯ ಹಾಗೆ ನಿಲ್ಲುತ್ತವೆ. ಬಲಗೈಯ ಎರಡು ಬೆರಳು ಬಲ ಅಂಚಿನ ಕೆಳಗೆ ಹೋಗಿ ಎಲ್ಲಕ್ಕಿಂತ ಅಡಿಯ ಹಾಳೆಯನ್ನು ಮುಟ್ಟುತ್ತವೆ. ಅದನ್ನು ನೇರ ಬಲಕ್ಕೆ ಜಾರಿಸಿ. ಅರ್ಧ ಬಂದಾಗ ಎತ್ತಬೇಡಿ. ಪೂರ್ತಿ ಹೊರಗೆ ಬರಲಿ, ಮೇಲಿನವು ಅಡಿಗೆ ಕೂರಲಿ. ಆಮೇಲೆ ಅದನ್ನು ದ್ರವದಿಂದ ಎತ್ತಿ, ಅಟ್ಟಿಯ ಮೇಲೆ ತಂದು, ಚಪ್ಪಟೆಯಾಗಿ ಮೇಲ್ಮೈಗೆ ಬಿಡಿ. ಮೂಲೆ ಮುಂದಾಗಿ ಇಳಿಸಿದಿರೋ, ನಿಮ್ಮ ಕೈಯಲ್ಲಿ ಈಗ ಸುತ್ತುತ್ತಿರುವ ನೆಗೆಟಿವ್ ಸಿಗುತ್ತದೆ. ತೇಲುತ್ತಿರುವ ಹಾಳೆಯನ್ನು ಬೆರಳ ಮೆತ್ತಗಿನ ಭಾಗದಿಂದ, ಉಗುರಿನಿಂದಲ್ಲ, ಒಂದು ಸಲ ಒತ್ತಿ. ಅದು ಮುಳುಗುವಾಗ ಕೆಳಗಿನ ಹಾಳೆಯ ಮೇಲಿನ ಹಳೇ ಡೆವಲಪರ್ ಪಕ್ಕಕ್ಕೆ ಸರಿಯುತ್ತದೆ. ಇಷ್ಟೇ. ಇಸ್ಪೀಟ್ ಕಲೆಸುವುದಕ್ಕೆ ಹೋಲಿಸುತ್ತಾರೆ, ಆದರೆ ಇಲ್ಲಿ ಕಲೆಸುವುದಿಲ್ಲ, ಸರದಿ ಒಂಚೂರೂ ತಪ್ಪುವ ಹಾಗಿಲ್ಲ.

ಒಂದು ಹಾಳೆಗೆ ಐದು ಸೆಕೆಂಡ್. ಆರು ಹಾಳೆಗೆ ಮೂವತ್ತು ಸೆಕೆಂಡಿನ ಒಂದು ಸುತ್ತು. ಮೂರೇ ಹಾಳೆ ಇದ್ದರೆ ಒಂದೊಂದಕ್ಕೆ ಹತ್ತು ಸೆಕೆಂಡ್ ಕೊಡಿ, ಸುತ್ತು ಅದೇ ಮೂವತ್ತಕ್ಕೆ ಮುಗಿಯಲಿ. ಇದನ್ನು ಕೆಡಿಸಿಕೊಳ್ಳುವವರು ಜಾಸ್ತಿ: ಎರಡು ಹಾಳೆ ಇದ್ದಾಗ ಕೈಗೆ ಕೆಲಸ ಕಡಿಮೆ ಅಂತ ಬೇಗ ಬೇಗ ತಿರುವುತ್ತಾರೆ, ಆರು ಇದ್ದಾಗ ತಡವರಿಸಿ ನಿಧಾನ ಆಗುತ್ತಾರೆ, ಆಮೇಲೆ ‘ಅದೇ ಫಿಲ್ಮ್, ಅದೇ ಸಮಯ, ಕಾಂಟ್ರಾಸ್ಟ್ ಯಾಕೆ ಬೇರೆ ಬಂತು’ ಅಂತ ಡೆವಲಪರ್ ಬದಲಾಯಿಸುತ್ತಾರೆ. ಡೆವಲಪರ್ ಏನು ಮಾಡೀತು ಪಾಪ.

ಪ್ರತಿ ಸುತ್ತಿಗೂ ಎಳೆಯುವ ಬದಿ ಬದಲಿಸಿ. ಒಂದು ಸುತ್ತು ಅಗಲದ ಕಡೆಯಿಂದ, ಇನ್ನೊಂದು ಉದ್ದದ ಕಡೆಯಿಂದ. ಒಂದೇ ಕಡೆ ಎಳೆದರೆ ಡೆವಲಪರ್ ಒಂದೇ ಅಂಚಿಗೆ ರಭಸದಿಂದ ನುಗ್ಗಿ ಆ ಅಂಚು ಹೆಚ್ಚು ದಟ್ಟವಾಗುತ್ತದೆ. ಮರಗಿಡ ಇರುವ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ, ಖಾಲಿ ಆಕಾಶ ಇದ್ದರೆ ಗುಟ್ಟು ರಟ್ಟು.

‘ಎಮಲ್ಷನ್ ಕೆಳಗೆ ಇರಬೇಕು ಅಂತಾರಲ್ಲ?’ ಅಂತ ಒಬ್ಬರು ಕೇಳಿದರು. ಹೌದು, ಈ ಜಗಳ ಹಳೆಯದು. ಎಮಲ್ಷನ್ ಕೆಳಗಿದ್ದರೆ ಮೇಲಿಂದ ಇಳಿಯುವ ಹಾಳೆಯ ಮೂಲೆ ಬಡಿಯುವುದು ಬರೀ ಪ್ಲಾಸ್ಟಿಕ್ ಬೆನ್ನಿಗೆ, ಚಿತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅಡಿಯ ಹಾಳೆ ಎಳೆಯುವಾಗ ಅದರ ಎಮಲ್ಷನ್ ಟ್ರೇಯ ಅಡಿಗೆ ಉಜ್ಜುತ್ತದೆ. ಮೇಲಿದ್ದರೆ ಉಜ್ಜುವ ಭಯ ಇಲ್ಲ, ಮೂಲೆಯ ಭಯ ಇದೆ. ನನ್ನ ಲೆಕ್ಕ ಏನೆಂದರೆ, ಮೂಲೆ ನನ್ನ ಹತೋಟಿಯಲ್ಲಿರುತ್ತದೆ, ಟ್ರೇಯ ಅಡಿಯಲ್ಲಿ ಬಿದ್ದ ಮರಳಿನ ಕಣ ನನ್ನ ಹತೋಟಿಯಲ್ಲಿಲ್ಲ. ಟ್ರೇ ಕನ್ನಡಿಯ ಹಾಗೆ ನುಣ್ಣಗಿದೆ, ನೀರು ಶುದ್ಧ ಇದೆ ಅನ್ನುವವರು ಕೆಳಗೆ ಮಾಡಿಕೊಂಡು ತೊಳೆಯಲಿ. ಎರಡೂ ಕಡೆ ಎಮಲ್ಷನ್ ಇರುವ ಎಕ್ಸ್‌ರೇ ಫಿಲ್ಮ್ ಬಳಸುವವರಿಗೆ ಮಾತ್ರ ಈ ಆಯ್ಕೆಯೇ ಇಲ್ಲ. ಅವರು ಟ್ರೇಯ ಅಡಿಗೆ ಗಾಜು ಹಾಸಿಕೊಂಡು, ಒಂದು ಸಲಕ್ಕೆ ಒಂದೇ ಹಾಳೆ ತೊಳೆಯುವುದು ವಾಸಿ.

ಸರದಿಯ ಬಗ್ಗೆ ಒಂದು ಮಾತು ಬಿಟ್ಟೆ. ಮೊದಲ ಹಾಳೆಯನ್ನು ಉಳಿದವುಗಳಿಗೆ ಉಲ್ಟಾ ಇಡಿ, ಅದರ ಕಚ್ಚು ಇನ್ನೊಂದು ತುದಿಗೆ ಬರುವ ಹಾಗೆ. ಆ ಕಚ್ಚು ಬೆರಳಿಗೆ ಸಿಕ್ಕಾಗ ಒಂದು ಸುತ್ತು ಆಯಿತು ಅಂತ ಗೊತ್ತಾಗುತ್ತದೆ. ಡೆವಲಪರ್‌ಗೆ ಮೊದಲು ಹೋದದ್ದು ಅದೇ, ಸ್ಟಾಪ್‌ಗೆ ಮೊದಲು ಹೋಗಬೇಕಾದದ್ದೂ ಅದೇ. ಹೋದ ಕ್ರಮದಲ್ಲೇ, ಅದೇ ಐದೈದು ಸೆಕೆಂಡ್ ಅಂತರದಲ್ಲಿ ಹೊರಬಂದರೆ ಎಲ್ಲಕ್ಕೂ ಸಮಯ ಸಮ ಆಗುತ್ತದೆ. ಕ್ರಮ ತಪ್ಪಿದರೆ ಮೊದಲ ಹಾಳೆಗೂ ಕೊನೆಯದಕ್ಕೂ ಅರ್ಧ ನಿಮಿಷ ವ್ಯತ್ಯಾಸ ಬರಬಹುದು. 13 ನಿಮಿಷದಲ್ಲಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು, 5 ನಿಮಿಷದಲ್ಲಿ ಆಗುವುದಿಲ್ಲ. ಹಾಗಾಗಿ ಟ್ರೇಗೆ ತೆಳು ಡೆವಲಪರ್, ಉದ್ದ ಸಮಯ. ಪಟ್ಟಿಯಲ್ಲಿ ಆರು ನಿಮಿಷಕ್ಕಿಂತ ಕಡಿಮೆ ಕಂಡರೆ ನಾನು ಇನ್ನಷ್ಟು ನೀರು ಸೇರಿಸುವ ದಾರಿ ಹುಡುಕುತ್ತೇನೆ.

ಹಾಳೆಯನ್ನು ಬಿಡಿಬಿಡಿಯಾಗಿ ಹೊರಗೆ ತೆಗೆಯಬಹುದು ಅನ್ನುವುದೇ ಟ್ರೇಯ ದೊಡ್ಡ ಲಾಭ. 1940ರ ಆಸುಪಾಸಿನಲ್ಲಿ ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ ಪಾಠ ಮಾಡುತ್ತಾ ಝೋನ್ ಸಿಸ್ಟಮ್ ಅನ್ನುವ, ಎಕ್ಸ್‌ಪೋಷರ್ ಮತ್ತು ಡೆವಲಪಿಂಗ್ ಎರಡನ್ನೂ ಮೊದಲೇ ಲೆಕ್ಕ ಹಾಕುವ ಕ್ರಮ ರೂಪಿಸಿದರಲ್ಲ, ಅದು ಒಂದೊಂದು ಚಿತ್ರಕ್ಕೆ ಒಂದೊಂದು ಡೆವಲಪಿಂಗ್ ಸಮಯ ಕೇಳುತ್ತದೆ. ರೋಲಿನಲ್ಲಿ ಅದು ಕಷ್ಟ, ಹಾಳೆಯಲ್ಲಿ ಸಲೀಸು. ಬಿಸಿಲು ಜಾಸ್ತಿ ಇದ್ದ ಚಿತ್ರವನ್ನು ಎರಡು ನಿಮಿಷ ಮೊದಲೇ ತೆಗೆಯುತ್ತೀರಿ, ಉಳಿದವು ಮುಂದುವರಿಯುತ್ತವೆ. ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಊರಿನ ಮೇಲೆ ಚಂದ್ರ ಮೂಡಿದ್ದನ್ನು 8×10 ಹಾಳೆಯಲ್ಲಿ ತೆಗೆದರು. ಅದನ್ನು ತೊಳೆದದ್ದು ತೆಳು ಮಾಡಿದ ಡಿ-23 ಡೆವಲಪರ್‌ನಲ್ಲಿ, ಸ್ವಲ್ಪ ಹೊತ್ತು ಡೆವಲಪರ್, ಸ್ವಲ್ಪ ಹೊತ್ತು ಬರೀ ನೀರು, ಮತ್ತೆ ಡೆವಲಪರ್, ಹೀಗೆ ಹಲವು ಸಲ. ನೀರಲ್ಲಿ ಅಲುಗಾಡದೆ ಇದ್ದಾಗ ಪ್ರಕಾಶ ಜಾಸ್ತಿ ಬಿದ್ದ ಜಾಗದಲ್ಲಿ ಡೆವಲಪರ್ ಬೇಗ ಖಾಲಿಯಾಗಿ ಕೆಲಸ ನಿಲ್ಲುತ್ತದೆ, ನೆರಳಿನ ಜಾಗದಲ್ಲಿ ಮುಂದುವರಿಯುತ್ತದೆ. ಟ್ರೇ ಪಕ್ಕ ಟ್ರೇ ಇದ್ದರೆ ಇದೆಲ್ಲ ಮಾಡಬಹುದು. ಇವತ್ತಿನ ತೆಳು ಎಮಲ್ಷನ್‌ಗಳಲ್ಲಿ ನೀರಿನ ಈ ಉಪಾಯ ಆಗಿನಷ್ಟು ಫಲ ಕೊಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕೈಗವಸಿನ ವಿಷಯ. ತೆಳ್ಳಗಿನ ನೈಟ್ರೈಲ್, ಕೈಗೆ ಬಿಗಿಯಾಗಿ ಕೂರುವಂಥದ್ದು. ಸಡಿಲ ಇದ್ದರೆ ಬೆರಳ ತುದಿಯ ಮಡಿಕೆ ಹಾಳೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸ್ಪರ್ಶ ಚೆನ್ನ ಅನ್ನುವುದು ನಿಜ. ಡೆವಲಪರ್ ಸೋಪಿನ ಹಾಗೆ ಜಾರುತ್ತದೆ, ಸ್ಟಾಪ್‌ಗೆ ಹೋದ ತಕ್ಷಣ ಆ ಜಾರು ಮಾಯ, ಕತ್ತಲಲ್ಲಿ ಯಾವ ಟ್ರೇನಲ್ಲಿದ್ದೇವೆ ಅಂತ ಚರ್ಮವೇ ಹೇಳುತ್ತದೆ. ಆದರೂ ಬೇಡ. ಡಿ-76 ಥರದ ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ತುರಿಕೆ ಒಂದು ಸಲ ಶುರುವಾದರೆ ಬಿಟ್ಟುಹೋಗುವುದು ಕಷ್ಟ. ಪೈರೋ ಅನ್ನುವ ಡೆವಲಪರ್ ಇನ್ನೂ ಕೆಟ್ಟದ್ದು, ಚರ್ಮದೊಳಗೆ ಇಳಿಯುವ ವಿಷ ಅದು.

ಬಿಸಿ ತಣ್ಣಗಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತೆರೆದ ಟ್ರೇ ಬೇಗ ಕೋಣೆಯ ಶಾಖಕ್ಕೆ ಬರುತ್ತದೆ, ನಿಮ್ಮ ಕೈ ಕೂಡ ಬಿಸಿ ಸೇರಿಸುತ್ತಿರುತ್ತದೆ. ದೊಡ್ಡ ಟ್ರೇನಲ್ಲಿ ಅದೇ ಶಾಖದ ನೀರು ತುಂಬಿ ಅದರೊಳಗೆ ಡೆವಲಪರ್ ಟ್ರೇ ಇಡಿ. 20ರಿಂದ ಮೇಲೆ ಒಂದೊಂದು ಡಿಗ್ರಿಗೆ ಸಮಯ ಹೆಚ್ಚುಕಡಿಮೆ ಶೇ. 10ರಷ್ಟು ಇಳಿಸಬೇಕಾಗುತ್ತದೆ. ಶಾಖ ಏರಿದಷ್ಟೂ ಜೆಲಾಟಿನ್ ಮೆತ್ತಗಾಗುತ್ತದೆ, ಗೀರು ಸುಲಭಕ್ಕೆ ಬೀಳುತ್ತದೆ. ನಾನು 24ರ ಮೇಲೆ ಹೋಗುವುದಿಲ್ಲ.

‘ಕಣ್ಣಿಗೆ ಕಾಣುವ ಹಾಗೆ ತೊಳೆಯಲು ಆಗುವುದೇ ಇಲ್ಲವಾ?’ ಆಗುತ್ತದೆ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಪೈರೋದಲ್ಲಿ ನೋಡಿಕೊಂಡೇ ತೊಳೆಯುತ್ತಿದ್ದರು. ತುಂಬ ಮಂದವಾದ ಗಾಢ ಹಸಿರು ದೀಪ, ಅದೂ ಅರ್ಧಕ್ಕಿಂತ ಹೆಚ್ಚು ಸಮಯ ಕಳೆದ ಮೇಲೆ, ಒಂದೆರಡು ಸೆಕೆಂಡ್ ಮಾತ್ರ. ಹಸಿರು ಯಾಕೆಂದರೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದು ಬೇರೆ ಬಣ್ಣಗಳಿಗಿಂತ ಚೆನ್ನಾಗಿ ಕಾಣುತ್ತದೆ, ಹಾಗಾಗಿ ತೀರ ಕಡಿಮೆ ಬೆಳಕಿನಲ್ಲಿ ಕೆಲಸ ಸಾಗುತ್ತದೆ. ನನಗೆ ಇದು ಒಲಿದಿಲ್ಲ. ಅರೆಬೆಂದ ನೆಗೆಟಿವ್ ಹಾಲಿನ ಹಾಗೆ ಮಸುಕಾಗಿರುತ್ತದೆ, ಅದನ್ನು ನೋಡಿ ಸಾಕೋ ಬೇಕೋ ಹೇಳಲು ನೂರಾರು ಹಾಳೆ ನೋಡಿದ ಕಣ್ಣು ಬೇಕು. ಹೊಸಬರಿಗೆ ನಾನು ಹೇಳುವುದು ಬೇರೆ: ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ತಗೊಳ್ಳಿ, ಇಲ್ಫರ್ಡ್‌ನ ಆರ್ಥೋ ಪ್ಲಸ್ ಥರದ್ದು. ಅದಕ್ಕೆ ಕೆಂಪು ಕಾಣುವುದಿಲ್ಲ, ಗಾಢ ಕೆಂಪು ದೀಪದಲ್ಲಿ ಕೈ ಏನು ಮಾಡುತ್ತಿದೆ ಅಂತ ನೋಡಿಕೊಂಡೇ ಕಲಿಯಬಹುದು. ಕೈ ಪಳಗಿದ ಮೇಲೆ ದೀಪ ಆರಿಸಿ.

‘ಡ್ರಮ್ ಇರುವಾಗ ಟ್ರೇ ಯಾಕೆ?’ ಇದೂ ಬಂತು. ಜೋಬೋ ಕಂಪನಿಯ ಎಕ್ಸ್‌ಪರ್ಟ್ ಡ್ರಮ್ ಅನ್ನುವ ಮುಚ್ಚಿದ ಡಬ್ಬಿಯಲ್ಲಿ ಹತ್ತು 4×5 ಹಾಳೆ ಒಟ್ಟಿಗೆ ತೊಳೆಯಬಹುದು, ಒಂದಕ್ಕೊಂದು ತಾಗುವುದೇ ಇಲ್ಲ, ಲೈಟು ಹಾಕಿಕೊಂಡು ಕೂರಬಹುದು, ಒಂದೇ ಥರ ಬರುತ್ತದೆ. ನಿಮ್ಮ ಹತ್ತಿರ ಇದ್ದರೆ ಬಳಸಿ, ನಾನೇನೂ ಬೇಡ ಅನ್ನುವುದಿಲ್ಲ. ನಡುವೆ ಒಂದು ಹಾಳೆ ಮಾತ್ರ ಹೊರಗೆ ತೆಗೆಯಲು ಆಗುವುದಿಲ್ಲ, ಅಷ್ಟೇ.

ಸ್ಟಾಪ್‌ನಲ್ಲಿ ಅರ್ಧ ನಿಮಿಷ, ಆಮೇಲೆ ಫಿಕ್ಸರ್. ಅಲ್ಲೂ ಅಡಿಯದು ಮೇಲಕ್ಕೆ ಬರುತ್ತಿರಲೇಬೇಕು. ಡೆವಲಪರ್ ಮುಗಿಯಿತು ಅಂತ ಇಲ್ಲಿ ಮೈಮರೆತು ಗೀರು ಮಾಡಿಕೊಂಡವರು ಬೇಕಾದಷ್ಟು ಜನ. ಹೊಸ ರ‍್ಯಾಪಿಡ್ ಫಿಕ್ಸರ್ ಆದರೆ ಎರಡು ಮೂರು ನಿಮಿಷಕ್ಕೆ ಲೈಟು ಹಾಕಬಹುದು. ಹಾಲಿನ ಮಸುಕು ಪೂರ್ತಿ ಹೋಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಫಿಕ್ಸರ್‌ನಲ್ಲಿರಲಿ. ಫಿಕ್ಸರ್ ಆದ ಮೇಲೆ ನೀರಲ್ಲಿ ತೊಳೆಯುವಾಗ ನಲ್ಲಿಯ ಧಾರೆ ನೇರ ಹಾಳೆಯ ಮೇಲೆ ಬೀಳಬಾರದು. ಕೊನೆಗೆ ಡಿಸ್ಟಿಲ್ಡ್ ನೀರಿಗೆ ನೀರು ಹನಿಗಟ್ಟಿ ನಿಲ್ಲದ ಹಾಗೆ ಮಾಡುವ ವೆಟಿಂಗ್ ಏಜೆಂಟ್ ಒಂದೆರಡು ಹನಿ ಹಾಕಿ ಅದ್ದಿ, ಒಂದೇ ಮೂಲೆಗೆ ಕ್ಲಿಪ್ ಹಾಕಿ ನೇತುಹಾಕಿ, ನೀರೆಲ್ಲ ಎದುರು ಮೂಲೆಯಿಂದ ಇಳಿಯುತ್ತದೆ. ಒರೆಸಬೇಡಿ.

ಮನೆಗೆ ಹೋಗಿ ಏನು ಮಾಡಬೇಕು ಅಂದರೆ, ಹಾಳಾದ ನಾಲ್ಕು ಹಾಳೆ ಹುಡುಕಿ. ಟ್ರೇಗೆ ಬರೀ ನೀರು ಹಾಕಿ. ಮೊದಲು ಕಣ್ಣು ಬಿಟ್ಟು ಹತ್ತು ನಿಮಿಷ, ಆಮೇಲೆ ಕಣ್ಣು ಮುಚ್ಚಿ ಹತ್ತು ನಿಮಿಷ. ಕಣ್ಣು ಮುಚ್ಚಿದಾಗ ಉಲ್ಟಾ ಕಚ್ಚಿನ ಹಾಳೆ ಪ್ರತಿ ಸುತ್ತಿಗೂ ಸರಿಯಾದ ಸಮಯಕ್ಕೆ ಬೆರಳಿಗೆ ಸಿಕ್ಕರೆ, ಮುಂದಿನ ವಾರ ಎರಡು ನಿಜವಾದ ಹಾಳೆ ತೊಳೆಯಿರಿ. ಎರಡೇ. ಒಂದೇ ಚಿತ್ರವನ್ನು ಎರಡು ಹಾಳೆಯಲ್ಲಿ ತೆಗೆದಿದ್ದು, ಒಂದೊಂದಾಗಿ ಬೇರೆ ಬೇರೆ ದಿನ ತೊಳೆದರೆ ಇನ್ನೂ ಒಳ್ಳೆಯದು, ಕೈ ಎರಡು ದಿನವೂ ಒಂದೇ ಥರ ಓಡಿತಾ ಇಲ್ಲವಾ ಅಂತ ದಟ್ಟತೆ ನೋಡಿದರೇ ಗೊತ್ತಾಗುತ್ತದೆ.

ನೆಗೆಟಿವ್ ಸುತ್ತು ಮುಗಿಸಿ ವಾಪಸ್ ಬಂತು. ಗೀರಿನ ಪಕ್ಕದಲ್ಲೇ ಈಗ ಒಂದು ಹೆಬ್ಬೆರಳ ಗುರುತೂ ಇದೆ. ಯಾರದ್ದು ಅಂತ ಕೇಳುವುದಿಲ್ಲ. ಎಮಲ್ಷನ್ ಕಡೆ ಅಲ್ಲ, ಬೆನ್ನ ಕಡೆ ಬಿದ್ದಿದೆ, ಒರೆಸಿದರೆ ಹೋಗುತ್ತದೆ.